ಗೋಡೆಯ ಬುಡದ ಬಿಸುಪು: ಬೇಸ್‌ಬೋರ್ಡ್ ಹೀಟರ್‌ಗಳ ಆಯ್ಕೆ

ಕೆನಡಾದಲ್ಲಿಯೂ ಅಮೆರಿಕದ ಉತ್ತರದ ರಾಜ್ಯಗಳಲ್ಲಿಯೂ ಬಹಳಷ್ಟು ಮನೆಗಳ ಗೋಡೆಯ ಬುಡದಲ್ಲಿ, ಸಾಮಾನ್ಯವಾಗಿ ಕಿಟಕಿಯ ನೇರ ಕೆಳಗೆ, ಒಂದು ಗೇಣಿಗಿಂತ ಕಡಿಮೆ ಎತ್ತರದ, ಕೆಲವು ಅಡಿ ಉದ್ದದ ತಗಡಿನ ಪೆಟ್ಟಿಗೆಯೊಂದು ಕಾಣಸಿಗುತ್ತದೆ. ಕರ್ನಾಟಕದ ಮನೆಗಳಲ್ಲಿ ಸ್ಕರ್ಟಿಂಗ್ ಪಟ್ಟಿ ಇರುವ ಜಾಗವನ್ನೇ ಆಕ್ರಮಿಸಿಕೊಳ್ಳುವ ಈ ಪೆಟ್ಟಿಗೆಗೆ ಬೇಸ್‌ಬೋರ್ಡ್ ಹೀಟರ್ ಎಂದು ಹೆಸರು. ಜನವರಿ ತಿಂಗಳ ಸರಾಸರಿ ಉಷ್ಣತೆಯೇ ಸೊನ್ನೆಗಿಂತ ಸುಮಾರು ಹತ್ತು ಡಿಗ್ರಿ ಸೆಲ್ಸಿಯಸ್ ಕೆಳಗಿರುವ ಮಾಂಟ್ರಿಯಲ್‌ನಂಥ ನಗರದಲ್ಲಿ ಚಳಿಗಾಲದ ಬದುಕು ಈ ಪೆಟ್ಟಿಗೆಯನ್ನೇ ನೆಚ್ಚಿಕೊಂಡಿರುತ್ತದೆ. ಆದರೂ ಅದು ಹೇಗೆ ಕೆಲಸ ಮಾಡುತ್ತದೆ, ಕೋಣೆಗೆ ಎಷ್ಟು ದೊಡ್ಡದು ಬೇಕು, ಬಿಲ್ಲನ್ನು ಹೆಚ್ಚಿಸುವುದು ಯಾವುದು ಎಂಬ ಪ್ರಶ್ನೆಗಳಿಗೆ ಅದರೊಡನೆ ವರ್ಷಗಟ್ಟಲೆ ಬಾಳಿದವರಲ್ಲಿಯೂ ಸ್ಪಷ್ಟ ಉತ್ತರವಿರುವುದು ಅಪರೂಪ.

ಹೆಚ್ಚು ಬಳಕೆಯಲ್ಲಿರುವುದು ನೇರ ವಿದ್ಯುತ್ ಬೇಸ್‌ಬೋರ್ಡ್. ಅದರ ಮುಂದಿನ ಮುಚ್ಚಳವನ್ನು ತೆಗೆದು ನೋಡಿದರೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹಾದುಹೋಗಿರುವ ಲೋಹದ ಕೊಳವೆಯೂ, ಅದಕ್ಕೆ ಪೋಣಿಸಿದಂತೆ ಒತ್ತೊತ್ತಾಗಿ ನಿಂತಿರುವ ತೆಳುವಾದ ಅಲ್ಯೂಮಿನಿಯಂ ಹಾಳೆಗಳೂ ಕಾಣುತ್ತವೆ. ಕೊಳವೆಯ ಒಳಗಿನ ರಚನೆ ಬಕೆಟ್ಟಿನಲ್ಲಿ ನೀರು ಕಾಯಿಸುವ ಹೀಟರ್ ಕಾಯಿಲ್‌ನಂತೆಯೇ ಇದೆ: ನಡುವೆ ನಿಕ್ಕಲ್ ಮತ್ತು ಕ್ರೋಮಿಯಂ ಬೆರೆತ ನೈಕ್ರೋಮ್ ತಂತಿ, ಅದರ ಸುತ್ತ ಶಾಖವನ್ನು ಹಾಯಗೊಟ್ಟು ವಿದ್ಯುತ್ತನ್ನು ತಡೆಯುವ ಮೆಗ್ನೀಸಿಯಂ ಆಕ್ಸೈಡ್ ಪುಡಿ, ಹೊರಗೆ ಲೋಹದ ಕವಚ. ತಂತಿ ಕಾದಾಗ ಶಾಖವು ಕವಚಕ್ಕೂ ಅಲ್ಲಿಂದ ಅಲ್ಯೂಮಿನಿಯಂ ಹಾಳೆಗಳಿಗೂ ಹರಡುತ್ತದೆ. ಹಾಳೆಗಳ ನಡುವಿನ ಗಾಳಿ ಬಿಸಿಯಾಗಿ ಹಗುರಗೊಂಡು ಮೇಲಿನ ಸೀಳಿನಿಂದ ಹೊರಬಿದ್ದಾಗ, ನೆಲಮಟ್ಟದ ತಂಪು ಗಾಳಿ ಕೆಳಗಿನ ಸೀಳಿನಿಂದ ಒಳಸೇರುತ್ತದೆ. ಶಾಲೆಯ ವಿಜ್ಞಾನ ಪಠ್ಯದಲ್ಲಿ ಸಂವಹನ ಎಂದು ಕರೆಯುವ ಈ ಚಲನೆಯೇ ಇಡೀ ಕೋಣೆಯನ್ನು ಬೆಚ್ಚಗಾಗಿಸುವುದರಿಂದ ಇದಕ್ಕೆ ಫ್ಯಾನ್ ಬೇಕಿಲ್ಲ. ರಾತ್ರಿಯ ನೀರವದಲ್ಲಿ ಕೇಳಿಬರುವ ಟಿಕ್ ಟಿಕ್ ಸದ್ದು ಲೋಹದ ಭಾಗಗಳು ಕಾದಾಗ ಹಿಗ್ಗಿ ತಣಿದಾಗ ಕುಗ್ಗುವುದರ ಫಲವಾಗಿದ್ದು, ಅದರಲ್ಲಿ ಸಾಮಾನ್ಯವಾಗಿ ಅಪಾಯವೇನೂ ಇಲ್ಲ.

ಎರಡನೆಯ ಬಗೆಯಲ್ಲಿ ಶಾಖವನ್ನು ಹೊತ್ತು ತರುವುದು ಬಿಸಿನೀರು. ನೆಲಮಾಳಿಗೆಯಲ್ಲಿರುವ ಬಾಯ್ಲರ್ ನೀರನ್ನು ಕಾಯಿಸಿದರೆ, ಪಂಪು ಅದನ್ನು ಕೋಣೆ ಕೋಣೆಯ ಗೋಡೆಯ ಬುಡದಲ್ಲಿರುವ ತಾಮ್ರದ ಕೊಳವೆಗಳ ಮೂಲಕ ಸುತ್ತಿಸುತ್ತದೆ. ಹೊರನೋಟಕ್ಕೆ ವಿದ್ಯುತ್ ಹೀಟರ್‌ನಂತೆಯೇ ತೋರುವ ಈ ವ್ಯವಸ್ಥೆ ಬಾಸ್ಟನ್ ಸುತ್ತಮುತ್ತಲಿನ ನ್ಯೂ ಇಂಗ್ಲೆಂಡ್ ಪ್ರದೇಶದ ಹಳೆಯ ಮನೆಗಳಲ್ಲಿ ಸಾಮಾನ್ಯವಾಗಿದ್ದು, ಅಲ್ಲಿನ ಅನೇಕ ಬಾಯ್ಲರ್‌ಗಳು ಇಂದಿಗೂ ಎಣ್ಣೆಯಿಂದ ಉರಿಯುತ್ತವೆ. ಇವೆರಡರ ನಡುವಿನ ಮೂರನೆಯ ಬಗೆಯೂ ಉಂಟು: ಬಾಯ್ಲರ್‌ನ ಗೊಡವೆಯಿಲ್ಲದೆ, ಪೆಟ್ಟಿಗೆಯೊಳಗೇ ಮುಚ್ಚಿದ ಕೊಳವೆಯಲ್ಲಿ ದ್ರವವನ್ನು ತುಂಬಿ, ಅದನ್ನು ವಿದ್ಯುತ್ತಿನಿಂದ ಕಾಯಿಸುವ ಹೀಟರ್. ಇದು ನಿಧಾನವಾಗಿ ಕಾಯುತ್ತದೆ, ಆರಿಸಿದ ಮೇಲೂ ಸ್ವಲ್ಪ ಹೊತ್ತು ಬೆಚ್ಚಗಿರುತ್ತದೆ, ಸದ್ದೂ ಕಡಿಮೆ. ಮಲಗುವ ಕೋಣೆಗೆ ಜನ ಇದನ್ನು ಮೆಚ್ಚಲು ಕಾರಣವೂ ಇದೇ.

ಈ ಮೂರನೆಯ ಬಗೆಯನ್ನು ಮಾರುವಾಗ ಅದು ವಿದ್ಯುತ್ತನ್ನು ಬಹಳವಾಗಿ ಉಳಿಸುತ್ತದೆಂಬ ಮಾತು ಆಗಾಗ ಕೇಳಿಬರುತ್ತದೆ. ಕೊಳ್ಳುವವರು ಇಲ್ಲಿ ಎಚ್ಚರದಿಂದಿರಬೇಕು. ವಿದ್ಯುತ್ ಪ್ರವಾಹವು ತಂತಿಯಲ್ಲಿ ಹುಟ್ಟಿಸುವ ಶಾಖದ ನಿಯಮವನ್ನು ಇಂಗ್ಲೆಂಡಿನ ವಿಜ್ಞಾನಿ ಜೇಮ್ಸ್ ಜೂಲ್ 1840ರ ದಶಕದ ಆರಂಭದಲ್ಲಿಯೇ ತೋರಿಸಿಕೊಟ್ಟಿದ್ದು, ಅದರಂತೆ ಮನೆಯೊಳಗಿನ ತಂತಿಗೆ ಹೋದ ಒಂದು ಯೂನಿಟ್ ವಿದ್ಯುತ್ತು ಯಾವ ಹೀಟರ್‌ನಲ್ಲಾದರೂ ಒಂದು ಯೂನಿಟ್ಟಿನಷ್ಟೇ ಶಾಖವಾಗುತ್ತದೆ, ಅದಕ್ಕಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಅತಿ ಅಗ್ಗದ ಹೀಟರ್‌ಗೂ ಅದರ ನಾಲ್ಕು ಪಟ್ಟು ಬೆಲೆಯ ಹೀಟರ್‌ಗೂ ಈ ವಿಷಯದಲ್ಲಿ ಕಿಂಚಿತ್ತೂ ಭೇದವಿಲ್ಲ. 1500 ವ್ಯಾಟ್‌ನ ಹೀಟರ್ ಎಂಟು ಗಂಟೆ ನಿಲ್ಲದೆ ಉರಿದರೆ 12 ಯೂನಿಟ್ ಖರ್ಚಾಗುತ್ತದೆ, ಒಳಗಿರುವುದು ದ್ರವವಿರಲಿ ಬರಿಯ ತಂತಿಯಿರಲಿ. ಬಿಲ್ಲನ್ನು ನಿಜವಾಗಿ ನಿರ್ಧರಿಸುವುದು ಗೋಡೆ, ಚಾವಣಿ, ಕಿಟಕಿಗಳ ಮೂಲಕ ಶಾಖ ಎಷ್ಟು ಬೇಗ ಸೋರಿಹೋಗುತ್ತದೆ ಎಂಬುದು ಮತ್ತು ಥರ್ಮೋಸ್ಟಾಟ್ ಕೋಣೆಯನ್ನು ಎಷ್ಟು ನಿಖರವಾಗಿ ಆಳುತ್ತದೆ ಎಂಬುದು. ಹೀಗಾಗಿ ದುಬಾರಿ ಹೀಟರ್‌ಗೆ ಸುರಿಯುವ ಹಣದಲ್ಲಿ ಅರ್ಧವನ್ನು ಕಿಟಕಿಯ ಸಂದು ಮುಚ್ಚುವುದಕ್ಕೂ ಚಾವಣಿಯ ಮೇಲೆ ಶಾಖ ತಡೆಯುವ ಹೊದಿಕೆ ಹಾಸುವುದಕ್ಕೂ ಬಳಸಿದ ಮನೆಯವರೇ ಹೆಚ್ಚು ಜಾಣರು.

ಆಯ್ಕೆಯ ಮೊದಲ ಲೆಕ್ಕ ಕೋಣೆಯ ಅಳತೆಯದು. ಪ್ರತಿ ಚದರ ಅಡಿಗೆ 10 ವ್ಯಾಟ್ ಎಂಬ ರೂಢಿಯ ಸೂತ್ರದ ಪ್ರಕಾರ 12 ಅಡಿ ಉದ್ದ, 10 ಅಡಿ ಅಗಲದ ಕೋಣೆಗೆ 1200 ವ್ಯಾಟ್ ಬೇಕಾಗುತ್ತದೆ. ಸಾಮಾನ್ಯ ಹೀಟರ್ ಅಡಿಯೊಂದಕ್ಕೆ ಸುಮಾರು 250 ವ್ಯಾಟ್ ಶಾಖ ಕೊಡುವುದರಿಂದ ಅಲ್ಲಿಗೆ ಐದು ಅಡಿಯ, 1250 ವ್ಯಾಟ್‌ನ ಒಂದು ಹೀಟರ್ ಸಾಕು. ಆದರೆ ಇದು ಎಂಟಡಿ ಎತ್ತರದ, ಸಾಧಾರಣವಾಗಿ ಕಟ್ಟಿದ ಕೋಣೆಗೆ ಹೊಂದುವ ಅಂದಾಜು ಮಾತ್ರ. ಎರಡು ಬದಿಯೂ ಬಯಲಿಗೆ ತೆರೆದುಕೊಂಡ ಮೂಲೆಯ ಕೋಣೆ, ಒಂಟಿ ಗಾಜಿನ ಹಳೆಯ ಕಿಟಕಿ, ಎತ್ತರದ ಚಾವಣಿ ಇವುಗಳಲ್ಲಿ ಯಾವುದಿದ್ದರೂ ಅಂಕಿಯನ್ನು ಏರಿಸಬೇಕಾಗುತ್ತದೆ, ಹೊಸದಾಗಿ ಬಿಗಿಯಾಗಿ ಕಟ್ಟಿದ ಮನೆಯಲ್ಲಿ ಇಳಿಸಬಹುದು. ಹೀಟರ್‌ಗಳ ಪೆಟ್ಟಿಗೆಯ ಮೇಲೆ ವ್ಯಾಟ್‌ಗೆ ಬದಲಾಗಿ ಬಿಟಿಯು ಎಂಬ ಅಳತೆ ಇರುವುದೂ ಉಂಟು. ಒಂದು ವ್ಯಾಟ್ ಎಂದರೆ ಗಂಟೆಗೆ ಸುಮಾರು 3.4 ಬಿಟಿಯು ಎಂದು ನೆನಪಿಟ್ಟರೆ ಎರಡನ್ನೂ ಹೋಲಿಸಿ ನೋಡಬಹುದು. ಅಗತ್ಯಕ್ಕಿಂತ ಚಿಕ್ಕ ಹೀಟರ್ ಕಡುಚಳಿಯ ರಾತ್ರಿಯಿಡೀ ಉರಿದರೂ ಕೋಣೆ ಬೆಚ್ಚಗಾಗುವುದಿಲ್ಲವಾದ್ದರಿಂದ, ಅನುಮಾನವಿದ್ದಲ್ಲಿ ಒಂದು ಅಳತೆ ದೊಡ್ಡದನ್ನೇ ಆರಿಸುವುದು ಕ್ಷೇಮ. ದೊಡ್ಡದು ಬೇಗ ಕೆಲಸ ಮುಗಿಸಿ ತಾನೇ ಆರುತ್ತದೆ.

ಎರಡನೆಯ ಲೆಕ್ಕ ವೋಲ್ಟೇಜಿನದು. ಮೋಸಹೋಗುವವರು ಹೆಚ್ಚಾಗಿ ಇಲ್ಲಿಯೇ. ಭಾರತದ ಮನೆಗಳಿಗೆ ಬರುವುದು 230 ವೋಲ್ಟಿನ ಒಂದು ಫೇಸ್ ಮತ್ತು ಒಂದು ನ್ಯೂಟ್ರಲ್. ಉತ್ತರ ಅಮೆರಿಕದಲ್ಲಾದರೋ ಮನೆಗೆ ನ್ಯೂಟ್ರಲ್‌ನ ಜೊತೆಗೆ ತಲಾ 120 ವೋಲ್ಟಿನ ಎರಡು ಜೀವಂತ ತಂತಿಗಳು ಬರುತ್ತವೆ. ದೀಪ ಮತ್ತು ಸಣ್ಣ ಉಪಕರಣಗಳು ಒಂದು ತಂತಿಯಿಂದ 120 ವೋಲ್ಟನ್ನು ಪಡೆದರೆ, ಒಲೆ, ಬಟ್ಟೆ ಒಣಗಿಸುವ ಯಂತ್ರ, ಹೆಚ್ಚಿನ ಬೇಸ್‌ಬೋರ್ಡ್ ಹೀಟರ್‌ಗಳು ಎರಡರ ನಡುವಿನ 240 ವೋಲ್ಟನ್ನು ಬಳಸುತ್ತವೆ. ವೋಲ್ಟೇಜ್ ಅರ್ಧಕ್ಕಿಳಿದರೆ ಶಾಖ ಕಾಲುಭಾಗಕ್ಕೆ ಇಳಿಯುವುದು ಇಲ್ಲಿ ಗಮನಿಸಬೇಕಾದ ನಿಯಮ. 240 ವೋಲ್ಟಿಗೆ ಮಾಡಿದ 1000 ವ್ಯಾಟ್‌ನ ಹೀಟರನ್ನು 120 ವೋಲ್ಟಿಗೆ ಜೋಡಿಸಿದರೆ ಅದು ಬರೀ 250 ವ್ಯಾಟ್ ಕೊಡುತ್ತದೆ. ಇದಕ್ಕೆ ತದ್ವಿರುದ್ಧವಾಗಿ 120 ವೋಲ್ಟಿನದನ್ನು 240ಕ್ಕೆ ಜೋಡಿಸಿದರೆ ನಾಲ್ಕು ಪಟ್ಟು ಶಾಖ ಹೊಮ್ಮಿ ಬೆಂಕಿಗೆ ದಾರಿಯಾಗಬಹುದು. ದೊಡ್ಡ ಅಪಾರ್ಟ್‌ಮೆಂಟ್ ಕಟ್ಟಡಗಳಲ್ಲಿ ಮೂರು ಫೇಸಿನ ಸಂಪರ್ಕದಿಂದಾಗಿ 208 ವೋಲ್ಟೇ ದೊರೆಯುವುದುಂಟು, ಅಲ್ಲಿ 240 ವೋಲ್ಟಿನ ಆ 1000 ವ್ಯಾಟ್‌ನ ಹೀಟರ್ 750 ವ್ಯಾಟ್‌ಗೆ ಇಳಿಯುತ್ತದೆ. ಹೀಟರ್ ಹೊಸದಾಗಿದ್ದರೂ ಕೋಣೆ ಬೆಚ್ಚಗಾಗದಿರುವುದರ ಗುಟ್ಟು ಎಷ್ಟೋ ಬಾರಿ ಇದೇ. ಅಮೆರಿಕದ ವೈರಿಂಗ್ ನಿಯಮದಂತೆ ಇಂಥ ನಿರಂತರ ಹೊರೆ ಸರ್ಕ್ಯೂಟಿನ ಸಾಮರ್ಥ್ಯದ ಶೇ 80ನ್ನು ಮೀರಬಾರದು. ಆದ್ದರಿಂದ 20 ಆಂಪಿಯರ್, 240 ವೋಲ್ಟಿನ ಒಂದು ಸರ್ಕ್ಯೂಟಿಗೆ ಒಟ್ಟು 3840 ವ್ಯಾಟ್‌ವರೆಗಿನ ಹೀಟರ್‌ಗಳನ್ನಷ್ಟೇ ಜೋಡಿಸಬಹುದು. ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್‌ನಿಂದಲೇ ಈ ಕೆಲಸವನ್ನು ಮಾಡಿಸಬೇಕು.

ಥರ್ಮೋಸ್ಟಾಟ್ ಹೀಟರ್‌ನಷ್ಟೇ ಮುಖ್ಯ. ಎರಡು ಲೋಹಗಳ ಪಟ್ಟಿ ಬಿಸಿಗೆ ಬಾಗುವುದನ್ನು ನೆಚ್ಚಿದ ಹಳೆಯ ತಿರುಗಣೆ ಥರ್ಮೋಸ್ಟಾಟ್‌ನಲ್ಲಿ ಕೋಣೆಯ ಉಷ್ಣತೆ ಎರಡು ಮೂರು ಡಿಗ್ರಿ ಮೇಲೆ ಕೆಳಗೆ ತೂಗಾಡುತ್ತದೆ. ಎಲೆಕ್ಟ್ರಾನಿಕ್ ಥರ್ಮೋಸ್ಟಾಟ್ ಅದನ್ನು ಅರ್ಧ ಡಿಗ್ರಿಯ ಆಸುಪಾಸಿನಲ್ಲಿ ಹಿಡಿದಿಡುವುದರಿಂದ, ಚಳಿಯೆನಿಸಿ ಸುಮ್ಮನೆ ಮೇಲಕ್ಕೆ ತಿರುಗಿಸುವ ಅಭ್ಯಾಸ ತಾನಾಗಿ ತಪ್ಪುತ್ತದೆ. ಕೊಳ್ಳುವಾಗ ಅದು ಪೂರ್ಣ ವೋಲ್ಟೇಜಿಗೆ ಮಾಡಿದ್ದೇ ಎಂದು ನೋಡಿಕೊಳ್ಳಬೇಕು. ಹೆಸರುವಾಸಿಯಾದ ಅನೇಕ ಸ್ಮಾರ್ಟ್ ಥರ್ಮೋಸ್ಟಾಟ್‌ಗಳು 24 ವೋಲ್ಟಿನ ವ್ಯವಸ್ಥೆಗೆ ಮಾತ್ರ ಹೊಂದುತ್ತವೆ, ಅವನ್ನು ಈ ಹೀಟರ್‌ಗೆ ನೇರವಾಗಿ ಜೋಡಿಸುವಂತಿಲ್ಲ. ಸಿಂಗಲ್ ಪೋಲ್ ಬಗೆ ಎರಡು ಜೀವಂತ ತಂತಿಗಳಲ್ಲಿ ಒಂದನ್ನು ಮಾತ್ರ ಕಡಿಯುವುದರಿಂದ ಹೀಟರ್ ತಣ್ಣಗಿದ್ದರೂ ಅದರೊಳಗೆ ವಿದ್ಯುತ್ತು ಇದ್ದೇ ಇರುತ್ತದೆ. ಡಬಲ್ ಪೋಲ್ ಎರಡನ್ನೂ ಕಡಿಯುತ್ತದೆ. ಬೆಲೆಯ ಅಂತರ ಅಲ್ಪವಾದ್ದರಿಂದ ಎರಡನೆಯದನ್ನೇ ಕೊಳ್ಳುವುದು ಲೇಸು. ಯಾವುದಿದ್ದರೂ ರಿಪೇರಿಗೆ ಕೈಹಾಕುವ ಮುನ್ನ ಬ್ರೇಕರನ್ನೇ ಆರಿಸಬೇಕು.

ಹೀಟರನ್ನು ಕಿಟಕಿಯ ಕೆಳಗೆ ಕೂರಿಸುವುದಕ್ಕೆ ಕಾರಣವಿದೆ: ತಣ್ಣನೆಯ ಗಾಜನ್ನು ಸೋಕಿ ಭಾರವಾಗಿ ನೆಲಕ್ಕಿಳಿಯುವ ಗಾಳಿಯನ್ನು ಮೇಲೇರುವ ಬಿಸಿಗಾಳಿ ಅಲ್ಲಿಯೇ ತಡೆಯುತ್ತದೆ. ಆದರೆ ಕಿಟಕಿಯಿದ್ದಲ್ಲಿ ಪರದೆ ಇರುತ್ತದೆ, ಅಪಾಯವಿರುವುದೂ ಅಲ್ಲಿಯೇ. ನೆಲ ಮುಟ್ಟುವ ಪರದೆಯಾಗಲಿ, ಹೀಟರ್‌ಗೆ ಒತ್ತಿಕೊಂಡ ಸೋಫಾ, ಹಾಸಿಗೆಗಳಾಗಲಿ ಗಾಳಿಯ ದಾರಿಯನ್ನು ಕಟ್ಟಿಹಾಕುತ್ತವೆ. ಇಂಥ ಸಂದರ್ಭಕ್ಕೆಂದೇ ಹೀಟರ್‌ನ ಉದ್ದಕ್ಕೂ ದ್ರವ ತುಂಬಿದ ಕೂದಲೆಳೆಯಂಥ ಕೊಳವೆಯೊಂದು ಹಾದುಹೋಗಿದ್ದು, ಎಲ್ಲಿಯೇ ಒಂದು ಕಡೆ ಶಾಖ ಮಿತಿಮೀರಿದರೂ ಒಳಗಿನ ಒತ್ತಡ ಏರಿ ಸ್ವಿಚ್ಚು ವಿದ್ಯುತ್ತನ್ನು ಕಡಿಯುತ್ತದೆ. ಪದೇ ಪದೇ ತಾನೇ ಆರುವ ಹೀಟರ್ ಕೆಟ್ಟಿದೆ ಎನ್ನುವ ಮೊದಲು ಅದರ ಮುಂದಿರುವ ಸಾಮಾನನ್ನು ಸರಿಸಿ ನೋಡಬೇಕು. ತಯಾರಕರು ಹೇಳಿದಷ್ಟು ಜಾಗವನ್ನು, ಸಾಮಾನ್ಯವಾಗಿ ಅರ್ಧ ಅಡಿಗೆ ಕಡಿಮೆಯಿಲ್ಲದಂತೆ, ಮುಂದೆ ಬಿಡಬೇಕು. ಹೀಟರ್‌ನ ಮೇಲೆ ಯಾವ ವೈರೂ ಜೋತಾಡದಂತೆ ನೋಡಿಕೊಳ್ಳಬೇಕು. ಚಳಿಗಾಲ ಮೊದಲಾಗುವ ಮುನ್ನ ಬ್ರೇಕರ್ ಆರಿಸಿ ಹಾಳೆಗಳ ನಡುವಿನ ಧೂಳನ್ನು ವ್ಯಾಕ್ಯೂಮ್ ಕ್ಲೀನರ್‌ನಿಂದ ತೆಗೆಯಬೇಕು. ಮೊದಲ ದಿನ ಹೊಮ್ಮುವ ಸುಟ್ಟ ವಾಸನೆ ಬಹುತೇಕ ಈ ಧೂಳಿನದೇ.

ಈ ಹೀಟರ್ ಗಾಳಿಯನ್ನು ಒಣಗಿಸುತ್ತದೆ ಎಂಬ ದೂರು ಅರ್ಧ ಸತ್ಯ. ಮೈನಸ್ 10 ಡಿಗ್ರಿಯ ಹೊರಗಾಳಿ ಘನ ಮೀಟರಿಗೆ ಹೆಚ್ಚೆಂದರೆ ಎರಡು ಗ್ರಾಂನಷ್ಟು ನೀರಾವಿಯನ್ನು ಹೊರಬಲ್ಲದು, 21 ಡಿಗ್ರಿಯ ಒಳಗಾಳಿಗೆ ಸುಮಾರು 18 ಗ್ರಾಂ ಹೊರುವ ಶಕ್ತಿಯಿದೆ. ಹೊರಗಿನ ಗಾಳಿ ಒಳಬಂದು ಬಿಸಿಯಾದಾಗ ತುಟಿ ಒಡೆಯುವುದು, ಮೂಗು ಒಣಗುವುದು ಈ ಅಂತರದಿಂದಲೇ ಹೊರತು ಹೀಟರ್ ನೀರನ್ನು ಹೀರಿಕೊಂಡದ್ದರಿಂದಲ್ಲ.

ಕೆನಡಾದ ಕ್ವಿಬೆಕ್ ಪ್ರಾಂತ್ಯ ಈ ಹೀಟರ್‌ಗಳ ತವರೆನಿಸಲು ಅಲ್ಲಿನ ನದಿಗಳು ಕಾರಣ. 1944ರಲ್ಲಿ ಸ್ಥಾಪನೆಯಾಗಿ, ರೆನೆ ಲೆವೆಕ್ ಸಚಿವರಾಗಿದ್ದ 1963ರಲ್ಲಿ ಖಾಸಗಿ ಕಂಪನಿಗಳನ್ನೂ ತನ್ನೊಳಗೆ ಸೇರಿಸಿಕೊಂಡ ಸರ್ಕಾರಿ ಸಂಸ್ಥೆ ಹೈಡ್ರೊ-ಕ್ವಿಬೆಕ್ ಜಲವಿದ್ಯುತ್ತನ್ನು ಅಗ್ಗವಾಗಿ ಒದಗಿಸಿದ್ದರಿಂದ, 1973ರ ತೈಲ ಬಿಕ್ಕಟ್ಟಿನ ನಂತರ ಜನ ಎಣ್ಣೆಯನ್ನು ಬಿಟ್ಟು ವಿದ್ಯುತ್ತಿನತ್ತ ವಾಲಿದರು. ಆ ಅಗ್ಗದ ಬೆಲೆಯ ಹಿಂದೆ ಜೇಮ್ಸ್ ಬೇ ಜಲವಿದ್ಯುತ್ ಯೋಜನೆಯಲ್ಲಿ ಮುಳುಗಿದ, ಅಲ್ಲಿನ ಮೂಲನಿವಾಸಿಗಳಾದ ಕ್ರೀ ಜನರ ಬೇಟೆಯ ನೆಲವೂ ಇದೆ ಎಂಬುದನ್ನು ಮರೆಯಲಾಗದು. ವಿದ್ಯುತ್ತನ್ನೇ ನಂಬಿದ ಮನೆಗಳ ದೌರ್ಬಲ್ಯ 1998ರ ಜನವರಿಯಲ್ಲಿ ಬಯಲಾಯಿತು: ದಿನಗಟ್ಟಲೆ ಸುರಿದ ಹಿಮಗಟ್ಟುವ ಮಳೆಗೆ ತಂತಿಗೋಪುರಗಳು ಉರುಳಿ, ಲಕ್ಷಾಂತರ ಮನೆಗಳು ಕಡುಚಳಿಯಲ್ಲಿ ಕತ್ತಲಾದವು. ಇಂದು ಅಲ್ಲಿ ಬೇಸ್‌ಬೋರ್ಡ್‌ನ ಜೊತೆಗೆ ಹೀಟ್ ಪಂಪ್ ಹಾಕಿಸುವವರು ಹೆಚ್ಚುತ್ತಿದ್ದಾರೆ. ಶಾಖವನ್ನು ಹುಟ್ಟಿಸುವ ಬದಲು ಹೊರಗಾಳಿಯಲ್ಲಿರುವುದನ್ನೇ ಒಳಕ್ಕೆ ಸಾಗಿಸುವ ಈ ಯಂತ್ರ ಮಿತವಾದ ಚಳಿಯಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಎರಡು ಮೂರು ಯೂನಿಟ್ ಶಾಖ ಕೊಡುತ್ತದೆ, ಚಳಿ ತೀವ್ರವಾದಂತೆ ಸೊರಗುತ್ತದೆ. ಆ ರಾತ್ರಿಗಳಿಗೆ ಬೇಸ್‌ಬೋರ್ಡ್ ಉಳಿದಿರುತ್ತದೆ. ವಿದ್ಯುತ್ ದುಬಾರಿಯಾದ ಪ್ರದೇಶದಲ್ಲಿ ಇಡೀ ಮನೆಗೆ ಬೇಸ್‌ಬೋರ್ಡೊಂದನ್ನೇ ಹೊಸದಾಗಿ ಹಾಕಿಸುವುದು ಸಮರ್ಥಿಸಲಾಗದ ಖರ್ಚು.

ಓದಿಗೋ ಕೆಲಸಕ್ಕೋ ಕರ್ನಾಟಕದಿಂದ ಉತ್ತರ ಅಮೆರಿಕಕ್ಕೆ ಹೋಗುವವರಿಗೆ ಬಾಡಿಗೆ ಮನೆಯಲ್ಲಿ ಹೀಟರನ್ನು ಆಯ್ದುಕೊಳ್ಳುವ ಅವಕಾಶ ಇರುವುದಿಲ್ಲ, ಮನೆಯನ್ನು ಆಯ್ದುಕೊಳ್ಳುವ ಅವಕಾಶವಿರುತ್ತದೆ. ಬಿಸಿನೀರಿನ ಬೇಸ್‌ಬೋರ್ಡ್ ಇದ್ದಲ್ಲಿ ಬಾಯ್ಲರ್ ಖರ್ಚು ಬಾಡಿಗೆಯಲ್ಲೇ ಸೇರಿರುವುದು ಸಾಮಾನ್ಯ, ವಿದ್ಯುತ್ ಬೇಸ್‌ಬೋರ್ಡ್ ಇದ್ದರೆ ಅದು ಹೆಚ್ಚಾಗಿ ಬಾಡಿಗೆದಾರರ ಮೀಟರಿಗೇ ಬೀಳುತ್ತದೆ. ಕ್ವಿಬೆಕ್‌ನಲ್ಲಿ ಬಹುಪಾಲು ಬಾಡಿಗೆ ಕರಾರುಗಳು ಜುಲೈ 1ರಂದು, ನಡುಬೇಸಿಗೆಯಲ್ಲಿ, ಆರಂಭವಾಗುವುದರಿಂದ ಹಿಂದಿನ ಚಳಿಗಾಲದ ಬಿಲ್ಲನ್ನು ಕೇಳಿ ನೋಡದೆ ಸಹಿ ಹಾಕಬಾರದು. ಡಿಸೆಂಬರ್‌ನಲ್ಲಿ ತಿಂಗಳ ಮಟ್ಟಿಗೆ ಊರಿಗೆ ಹೊರಡುವ ಕುಟುಂಬ ಉಳಿತಾಯದ ಆಸೆಗೆ ಹೀಟರ್‌ಗಳನ್ನು ಪೂರ್ತಿ ಆರಿಸಿದರೆ ಗೋಡೆಯೊಳಗಿನ ಕೊಳಾಯಿಯ ನೀರು ಹೆಪ್ಪುಗಟ್ಟಿ ಹಿಗ್ಗಿ ಕೊಳವೆ ಒಡೆಯಬಹುದು. ಥರ್ಮೋಸ್ಟಾಟನ್ನು 12–13 ಡಿಗ್ರಿಗೆ ಇಳಿಸಿ, ಮುಖ್ಯ ಕೊಳಾಯಿಯನ್ನು ಮುಚ್ಚಿ, ಎರಡು ಮೂರು ದಿನಕ್ಕೊಮ್ಮೆ ಮನೆಯೊಳಗೆ ಬಂದು ನೋಡುವಂತೆ ನೆರೆಯವರ ಕೈಗೆ ಬೀಗದ ಕೈ ಕೊಟ್ಟು ಹೊರಡಬೇಕು.