ಯಮುನೆಯ ಅಳತೆಗೋಲು: ದೆಹಲಿಯ ಲೋಹೇ ಕಾ ಪುಲ್

ಮಳೆಗಾಲ ಬಂತೆಂದರೆ ದೆಹಲಿಯ ಸುದ್ದಿಗಳಲ್ಲಿ ಒಂದು ಸಂಖ್ಯೆ ತಪ್ಪದೆ ಕೇಳಿಬರುತ್ತದೆ: 205.33 ಮೀಟರ್. ಅದು ಯಮುನೆಯ ಅಪಾಯದ ಮಟ್ಟ. ಇದನ್ನು ನೋಡುವ ಜಾಗ ಹಳೆಯ ರೈಲ್ವೆ ಸೇತುವೆ. ಇಲ್ಲಿನವರ ಬಾಯಲ್ಲಿ ‘ಲೋಹೇ ಕಾ ಪುಲ್’, ಅಂದರೆ ಕಬ್ಬಿಣದ ಸೇತುವೆ.

1866ರಲ್ಲಿ ಈಸ್ಟ್ ಇಂಡಿಯನ್ ರೈಲ್ವೆ ಕಾಲದಲ್ಲಿ ಶುರುವಾದ ಈ ಸೇತುವೆಯೇ ಕಲ್ಕತ್ತೆಯ ರೈಲನ್ನು ದೆಹಲಿಗೆ ಕರೆತಂದಿತು. ಸುಮಾರು 202 ಅಡಿಯ 12 ಅಂಕಣಗಳು. ಮೇಲೆ ರೈಲು, ಕೆಳಗೆ ರಸ್ತೆ. 1913ರಲ್ಲಿ ಎರಡನೇ ಹಳಿ ಸೇರಿತು. ಮುಂದೆ 1930ರ ದಶಕದಲ್ಲಿ ಹಳೆಯ ತೊಲೆಗಳೂ ಬದಲಾದವು.

ನಾಲ್ಕು ಕಡ್ಡಿಗಳ ಚೌಕವನ್ನು ಮೂಲೆಯಲ್ಲಿ ತಳ್ಳಿದರೆ ವಾಲುತ್ತದೆ. ಅಡ್ಡಲಾಗಿ ಒಂದು ಕಡ್ಡಿ ಸೇರಿಸಿದರೆ ಎರಡು ತ್ರಿಕೋನಗಳಾಗಿ ಗಟ್ಟಿಯಾಗಿ ನಿಲ್ಲುತ್ತದೆ. ಟ್ರಸ್ ಸೇತುವೆಯ ಗುಟ್ಟು ಇಷ್ಟೇ. ಒಂದು ಭಾನುವಾರ ಸಲೀಂಗಢ ಕೋಟೆಯ ಕಡೆಯಿಂದ ಕೆಳಗಿನ ರಸ್ತೆಯಲ್ಲಿ ನಡೆದಾಗ, ತಲೆಯ ಮೇಲೆ ರೈಲು ಹಾದುಹೋಯಿತು. ಇಡೀ ಸೇತುವೆ ಗಡಗಡ ಎಂದಿತು. ಅಕ್ಕಪಕ್ಕದ ಸೈಕಲ್ಲು, ರಿಕ್ಷಾದವರು ತಿರುಗಿಯೂ ನೋಡಲಿಲ್ಲ.

2023ರ ಜುಲೈ 13ರಂದು ಇದೇ ಸೇತುವೆಯ ಬಳಿ ನೀರು 208.66 ಮೀಟರ್ ಮುಟ್ಟಿತು. 1978ರ 207.49ರ ದಾಖಲೆ ಮುರಿಯಿತು. ಅದಕ್ಕೂ ಮೊದಲೇ ಸೇತುವೆಯ ಮೇಲಿನ ರೈಲು ಸಂಚಾರ ನಿಂತಿತ್ತು. ಯಮುನಾ ಬಜಾರಿನ ಮನೆಗಳು ಮುಳುಗಿದವು. ನದಿದಂಡೆಯ ಸಾವಿರಾರು ಜನ ರಸ್ತೆಬದಿಯ ಡೇರೆಗಳಿಗೆ ಬಂದರು. ನೀರು ಶುದ್ಧೀಕರಣ ಘಟಕಗಳು ಮುಚ್ಚಿ ಕುಡಿಯುವ ನೀರಿಗೂ ತತ್ವಾರವಾಯಿತು.

ಇನ್ನೊಂದು ಲೆಕ್ಕ ನೋಡಿ. 2019ರ ಆಗಸ್ಟಿನಲ್ಲಿ ಹರಿಯಾಣದ ಹಥ್ನಿಕುಂಡ್ ಬ್ಯಾರೇಜಿನಿಂದ ಗರಿಷ್ಠ 8.28 ಲಕ್ಷ ಕ್ಯುಸೆಕ್ ನೀರು ಬಿಟ್ಟಾಗ ಇಲ್ಲಿ ಮಟ್ಟ 206.60 ಇತ್ತು. 2023ರಲ್ಲಿ ಗರಿಷ್ಠ ಹರಿವು 3.59 ಲಕ್ಷ ಮಾತ್ರ. ಅರ್ಧಕ್ಕಿಂತ ಕಡಿಮೆ ನೀರು, ಎರಡು ಮೀಟರ್ ಹೆಚ್ಚು ಎತ್ತರ!

ಆ ಸಲ ನೀರು ಹೆಚ್ಚು ಹೊತ್ತು ಹರಿದದ್ದು ನಿಜ. ಆದರೆ ನದಿಪಾತ್ರದಲ್ಲಿ ತುಂಬಿದ ಹೂಳು, ದಂಡೆಯ ಒತ್ತುವರಿ, ಐಟಿಒ ಬ್ಯಾರೇಜಿನಲ್ಲಿ ತೆರೆಯಲಾಗದೆ ಸಿಕ್ಕಿಕೊಂಡ ಐದು ಗೇಟುಗಳೂ ಕಾರಣವೆಂದು ಚರ್ಚೆಯಾಯಿತು. ಸಾಫ್ಟ್‌ವೇರ್ ಕೆಲಸದಲ್ಲಿ ಕಡಿಮೆ ಲೋಡಿಗೇ ಸರ್ವರ್ ಕುಸಿದರೆ ನಾವು ಲೋಡನ್ನು ಬೈಯುತ್ತ ಕೂರುವುದಿಲ್ಲ; ದಾರಿ ಎಲ್ಲಿ ಕಟ್ಟಿದೆ ಎಂದು ಹುಡುಕುತ್ತೇವೆ. ಇಲ್ಲೂ ಅದೇ ಆಗಬೇಕು.

ಪಕ್ಕದಲ್ಲೇ ಹೊಸ ರೈಲ್ವೆ ಸೇತುವೆ ಎದ್ದಿದೆ. ಹಳೆಯದಕ್ಕೆ ವಿಶ್ರಾಂತಿ ಕೊಡುವುದು ಸರಿಯೇ. ಆದರೆ ಅದು ತೋರಿಸಿದ ಲೆಕ್ಕವನ್ನು ಮರೆಯುವಂತಿಲ್ಲ. ಮುಂದಿನ ಮಳೆಗಾಲ 205.33 ಎಂದು ಕೇಳಿದಾಗ, ಎಷ್ಟು ಮಳೆ ಬಂತು ಎನ್ನುವುದರ ಜೊತೆಗೆ ನದಿಗೆ ಎಷ್ಟು ಜಾಗ ಉಳಿಸಿದ್ದೇವೆ ಎಂದೂ ಕೇಳೋಣ.