ನಾಳೆಯಿಂದ ಶಿಫ್ಟ್ ಬದಲು ಅಂದರೆ ಆಯ್ತಾ?

ಶಿವಮೊಗ್ಗದಿಂದ ಭದ್ರಾವತಿ ಕಡೆ ಹೊರಟರೆ ಮಲವಗೊಪ್ಪ ಸಿಗುತ್ತೆ. ಮುಂದೆ ನಿದಿಗೆ, ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶ, ಅದರಾಚೆ ಭದ್ರಾವತಿಯ ಕಾರ್ಖಾನೆಗಳು. ಈ ರಸ್ತೆಯ ಎಷ್ಟೋ ಮನೆಗಳಲ್ಲಿ ಒಲೆ ಹಚ್ಚೋ ಹೊತ್ತು ನಿರ್ಧಾರ ಆಗೋದೇ ಶಿಫ್ಟಿನ ಮೇಲೆ. ಅಂಥ ಕಡೆ ಒಂದು ದಿನ ಗೇಟಿನ ಹತ್ತಿರ ಚೀಟಿ ಅಂಟಿಸ್ತಾರೆ ಅಂದ್ಕೊಳ್ಳಿ: ‘ನಾಳೆಯಿಂದ ಶಿಫ್ಟ್ ಬದಲು.’ ಜನ ಓದ್ತಾರೆ, ಗೊಣಗ್ತಾರೆ, ಮರುದಿನ ಹೊಸ ಟೈಮಿಗೆ ಬಂದು ನಿಲ್ತಾರೆ. ಕಂಪನಿ ಅವರದ್ದು, ಅವರು ಹೇಳಿದ್ದೇ ಕಾನೂನು ಅಂತ.

ಇಲ್ಲ ಸ್ವಾಮಿ, ಅವರು ಹೇಳಿದ್ದೇ ಕಾನೂನಲ್ಲ.

1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 9ಎ ಕಲಂ ಏನು ಹೇಳ್ತಿತ್ತು? ಕೆಲಸದ ಷರತ್ತು ಬದಲಿಸಬೇಕಾದರೆ ಮೊದಲು ಕಾರ್ಮಿಕರಿಗೆ ನೋಟಿಸ್ ಕೊಡಿ, 21 ದಿನ ಕಾಯಿರಿ. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಹಳೆ ಕಾಯ್ದೆ ಹೋಯ್ತು, ಆದರೆ ಈ ನಿಯಮ ಹೋಗಿಲ್ಲ. ಕೈಗಾರಿಕಾ ಸಂಬಂಧಗಳ ಸಂಹಿತೆಯ 40ನೇ ಕಲಂನಲ್ಲಿ ಅದೇ 21 ದಿನ ಇದೆ.

ಯಾವ ಬದಲಾವಣೆಗೆ ಈ ನೋಟಿಸ್? ಸಂಬಳ, ಭತ್ಯೆ, ಕೆಲಸದ ಗಂಟೆ, ವಿರಾಮ, ರಜೆ, ಶಿಫ್ಟ್ ಪದ್ಧತಿ, ಶಿಸ್ತಿನ ಹೊಸ ನಿಯಮ. ರೂಢಿಯಿಂದ ಕೊಡ್ತಾ ಬಂದ ಸೌಲಭ್ಯವನ್ನ ಕಿತ್ತುಕೊಳ್ಳೋದೂ ಈ ಪಟ್ಟಿಯಲ್ಲಿದೆ. ವಿನಾಯಿತಿಗಳೂ ಇವೆ. ಒಪ್ಪಂದದ ಪ್ರಕಾರ ಆಗೋ ಬದಲಾವಣೆಗೆ ನೋಟಿಸ್ ಬೇಕಿಲ್ಲ. ತುರ್ತು ಬಂದಾಗ, ಕುಂದುಕೊರತೆ ಸಮಿತಿ ಜೊತೆ ಸಮಾಲೋಚಿಸಿ ಶಿಫ್ಟ್ ಬದಲಿಸಬಹುದು.

ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡ್ತೀನಿ. ನೋಟಿಸ್ ಅಂದರೆ ಕಾರ್ಮಿಕರ ಒಪ್ಪಿಗೆ ಅಲ್ಲ. 21 ದಿನ ಸುಮ್ಮನಿದ್ದರೆ 22ನೇ ದಿನ ಬದಲಾವಣೆ ಬಂದೇ ಬರುತ್ತೆ. ಹಾಗಾದರೆ ಉಪಯೋಗ ಏನು? ಆ 21 ದಿನವೇ ಉಪಯೋಗ! ಲಿಖಿತ ಆಕ್ಷೇಪಣೆ ಕೊಡಿ, ಸ್ವೀಕೃತಿ ಪಡೆದ ಪ್ರತಿ ಇಟ್ಟುಕೊಳ್ಳಿ. ಯೂನಿಯನ್ ಇದ್ದರೆ ಅದರ ಮೂಲಕ ಹೋಗಿ. ಯೂನಿಯನ್ ಇಲ್ಲವಾ? 20 ಅಥವಾ ಹೆಚ್ಚು ಕಾರ್ಮಿಕರಿರೋ ಕಡೆ ಕುಂದುಕೊರತೆ ಸಮಿತಿ ಇರಲೇಬೇಕು. ಅಲ್ಲೂ ಬಗೆಹರಿಯದಿದ್ದರೆ ಕಾರ್ಮಿಕ ಇಲಾಖೆ. ಒಮ್ಮೆ ಸಂಧಾನ ಶುರುವಾದರೆ, ವಿವಾದದಲ್ಲಿರೋ ಷರತ್ತನ್ನ ಅನುಮತಿ ಇಲ್ಲದೆ ಕಾರ್ಮಿಕರಿಗೆ ನಷ್ಟವಾಗೋ ಹಾಗೆ ಬದಲಿಸೋ ಹಾಗಿಲ್ಲ.

ಕೇಳಿದರೆ ಏನಾಗುತ್ತೆ ಅಂತೀರಾ? 2020ರ ಮೇನಲ್ಲಿ ಕೊರೋನಾ ಹೆಸರಲ್ಲಿ ನಮ್ಮ ರಾಜ್ಯ ಸರ್ಕಾರವೇ ಕಾರ್ಖಾನೆಗಳಿಗೆ ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆ ದುಡಿಸೋ ಅವಕಾಶ ಕೊಟ್ಟಿತು. ಹೈಕೋರ್ಟಿನಲ್ಲಿ ಪ್ರಶ್ನೆ ಬಂತು. ಜೂನ್‌ನಲ್ಲಿ ಆದೇಶ ವಾಪಸ್!

ಇನ್ನು ಸಹಿ ವಿಷಯ. 2023ರಲ್ಲಿ ರಾಜ್ಯ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ದಿನಕ್ಕೆ 12 ಗಂಟೆವರೆಗೆ ದುಡಿಸೋಕೆ ದಾರಿ ಮಾಡಿದಾಗಲೂ ವಾರದ ಮಿತಿ 48 ಗಂಟೆಯೇ ಇತ್ತು, ಕಾರ್ಮಿಕರ ಲಿಖಿತ ಒಪ್ಪಿಗೆ ಬೇಕು ಅಂತಲೇ ಬರೆದಿತ್ತು. ಅಂದರೆ ನಿಮ್ಮ ಸಹಿಗೆ ಅಷ್ಟು ಬೆಲೆ. ಸೂಪರ್‌ವೈಸರ್ ‘ಎಲ್ಲರೂ ಹಾಕಿದ್ದಾರೆ, ನೀನೂ ಹಾಕಮ್ಮ’ ಅಂದರೆ, ಓದದೆ ಹಾಕಬೇಡಿ.

ಕೊನೆಗೆ ಕಷ್ಟದ ಪ್ರಶ್ನೆ. ಗುತ್ತಿಗೆ ಕಾರ್ಮಿಕರ ಕತೆ ಏನು? 2023ರ ಜನವರಿಯಲ್ಲಿ ಭದ್ರಾವತಿಯ ವಿಐಎಸ್‌ಎಲ್ ಮುಚ್ಚೋ ತೀರ್ಮಾನ ಬಂದಾಗ ತಿಂಗಳುಗಟ್ಟಲೆ ಧರಣಿ ಕೂತವರು ಇವರೇ. ದುಡಿಯೋದು ಕಾರ್ಖಾನೆಗೆ, ಕಾಗದದಲ್ಲಿ ಮಾಲೀಕ ಗುತ್ತಿಗೆದಾರ. ಕೇಳಿದರೆ ಇವರು ಅವರ ಕಡೆ, ಅವರು ಇವರ ಕಡೆ ಬೆರಳು ತೋರಿಸ್ತಾರೆ. ಅದಕ್ಕೇ ನೇಮಕಾತಿ ಪತ್ರ, ಸಂಬಳದ ಚೀಟಿ, ಪಿಎಫ್ ನಂಬರ್, ಇಎಸ್‌ಐ ಕಾರ್ಡ್ ಜೋಪಾನ ಮಾಡಿ. ಯಾರ ಕೈಕೆಳಗೆ ದುಡಿದಿರಿ ಅನ್ನೋದಕ್ಕೆ ಅವೇ ಸಾಕ್ಷಿ.

ಉದ್ಯಮ ನಡೀಬೇಕು, ಕಾಲಕ್ಕೆ ತಕ್ಕ ಹಾಗೆ ಬದಲಾಗಬೇಕು, ಒಪ್ಪೋಣ. ಆದರೆ ದುಡಿಯೋರಿಗೆ ಮೊದಲು ಹೇಳಿ ಬದಲಾಗಲಿ. ಗೇಟಿನ ಮೇಲೆ ಚೀಟಿ ಕಂಡರೆ ಮೊದಲು ತಾರೀಕು ನೋಡಿ, 21 ದಿನ ಎಣಿಸಿ.