ಹೊಕ್ಕುಳಿನಿಂದ ಬಲಕ್ಕೆ ಸರಿಯುವ ನೋವು: ಅಪೆಂಡಿಸೈಟಿಸ್ ಪತ್ತೆ ಹೇಗೆ?

ಹೊಟ್ಟೆನೋವು ಎಂದೊಡನೆ ಅಜೀರ್ಣವೆಂದು ಭಾವಿಸಿ ಓಮದ ಕಷಾಯ ಕುಡಿಯುವುದು, ಹರಳೆಣ್ಣೆ ಸೇವಿಸುವುದು ನಮ್ಮಲ್ಲಿ ರೂಢಿ. ಆದರೆ ಹೊಕ್ಕುಳಿನ ಸುತ್ತ ಆರಂಭವಾದ ನೋವು ಕೆಲವು ಗಂಟೆಗಳಲ್ಲಿ ಕೆಳಹೊಟ್ಟೆಯ ಬಲಭಾಗಕ್ಕೆ ಸರಿದು ನೆಲೆನಿಂತರೆ ಅದು ಅಪೆಂಡಿಸೈಟಿಸ್ ಆಗಿರಬಹುದು. ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಕಾಲಿಡುವ ಕಿರಿಯ ವೈದ್ಯರು ಮೊದಲು ಕಲಿಯುವ ಪಾಠಗಳಲ್ಲಿ ಇದೂ ಒಂದು.

ನೋವು ಸರಿಯುವುದೇಕೆ?

ದೊಡ್ಡ ಕರುಳಿನ ಆರಂಭದ ಭಾಗಕ್ಕೆ ಅಂಟಿಕೊಂಡಿರುವ ಕಿರುಬೆರಳಿನಂತಹ ಕೊಳವೆಯೇ ಅಪೆಂಡಿಕ್ಸ್. ಇದರ ಬಾಯಿ ಕಟ್ಟಿಕೊಂಡು ಊತ ಉಂಟಾದಾಗ ನೋವಿನ ಸಂಕೇತವು ಬೆನ್ನುಹುರಿಯ ಹತ್ತನೆಯ ಎದೆಭಾಗದ ನರದ ಮಟ್ಟವನ್ನು ತಲುಪುತ್ತದೆ. ಹೊಕ್ಕುಳಿನ ಚರ್ಮದ ಸಂವೇದನೆಯೂ ಅದೇ ಮಟ್ಟಕ್ಕೆ ಸೇರುವುದರಿಂದ ಮಿದುಳು ನೋವು ಹೊಕ್ಕುಳಿನದೆಂದು ಗ್ರಹಿಸುತ್ತದೆ. ಉರಿಯೂತವು ಹೊಟ್ಟೆಯ ಒಳಗೋಡೆಯ ಪೊರೆಗೆ ತಗುಲಿದ ಬಳಿಕವಷ್ಟೇ ನೋವಿನ ನಿಜವಾದ ಸ್ಥಳ ತಿಳಿಯುತ್ತದೆ.

ಬೆರಳ ತುದಿಯ ಪರೀಕ್ಷೆ

ನ್ಯೂಯಾರ್ಕಿನ ಶಸ್ತ್ರವೈದ್ಯ ಚಾರ್ಲ್ಸ್ ಮ್ಯಾಕ್‌ಬರ್ನಿ 1889ರಲ್ಲಿ ಈ ಸ್ಥಳವನ್ನು ಗುರುತಿಸಿದರು. ಸೊಂಟದ ಬಲಮೂಳೆಯ ಮುಂಚಾಚಿನಿಂದ ಹೊಕ್ಕುಳಿಗೆ ಗೆರೆ ಎಳೆದರೆ, ಮೂಳೆಯಿಂದ ಮೂರನೆಯ ಒಂದು ಭಾಗದಷ್ಟು ದೂರದಲ್ಲಿರುವುದೇ 'ಮ್ಯಾಕ್‌ಬರ್ನಿ ಬಿಂದು'. ಎಡಭಾಗ ಒತ್ತಿದಾಗ ಬಲಭಾಗದಲ್ಲಿ ನೋವು ಕಾಣಿಸಿಕೊಂಡರೆ ಅದು ಡೆನ್ಮಾರ್ಕಿನ ರೋವ್‌ಸಿಂಗ್ ಹೆಸರಿನ ಲಕ್ಷಣ.

ಆದರೆ ಎಲ್ಲರಲ್ಲೂ ಇವು ಕಾಣಿಸವು. ಅಪೆಂಡಿಕ್ಸ್‌ನ ಬುಡ ಸ್ಥಿರವಾಗಿದ್ದರೂ ತುದಿ ಎತ್ತ ಬೇಕಾದರೂ ಚಾಚಿರಬಹುದು. ಕರುಳಿನ ಹಿಂದೆ ಅಡಗಿದ್ದರೆ ಹೊಟ್ಟೆ ಒತ್ತಿದಾಗ ನೋವು ಅಷ್ಟಾಗಿ ತೋರದೆ, ಬಲತೊಡೆಯನ್ನು ಹಿಂದಕ್ಕೆ ಚಾಚಿದಾಗ ತೋರಬಹುದು. ತುದಿ ಕಿಬ್ಬೊಟ್ಟೆಯ ಆಳಕ್ಕೆ ಇಳಿದಿದ್ದರೆ ಭೇದಿ ಅಥವಾ ಉರಿಮೂತ್ರವೆಂಬ ತಪ್ಪು ತಿಳಿವಳಿಕೆಗೆ ಎಡೆಯಾಗುತ್ತದೆ. ಆದ್ದರಿಂದಲೇ ರಕ್ತಪರೀಕ್ಷೆ, ಅಲ್ಟ್ರಾಸೌಂಡ್, ಅಗತ್ಯವಿದ್ದಲ್ಲಿ ಸಿಟಿ ಸ್ಕ್ಯಾನ್‌ಗಳ ನೆರವು ಪಡೆಯಲಾಗುತ್ತದೆ.

ನೋವು ನಿಂತರೆ ವಾಸಿಯೇ?

ಅಪಾಯವಿರುವುದು ಇಲ್ಲಿಯೇ. ತೀವ್ರ ನೋವು ಹಠಾತ್ತನೆ ಇಳಿದರೆ ಅಪೆಂಡಿಕ್ಸ್ ಒಡೆದಿರುವ ಸಾಧ್ಯತೆಯಿದೆ. ಒಳಗಿನ ಒತ್ತಡ ತಗ್ಗಿ ಕೆಲಕಾಲ ಹಾಯೆನಿಸಿದರೂ, ಕೀವು ಹೊಟ್ಟೆಯೊಳಗೆ ಹರಡಿ ಪ್ರಾಣಕ್ಕೇ ಸಂಚಕಾರ ತರಬಹುದು.

ಇಂದು ತೊಡಕಿಲ್ಲದ ಕೆಲವು ಪ್ರಕರಣಗಳಲ್ಲಿ ಆಂಟಿಬಯಾಟಿಕ್ ಚಿಕಿತ್ಸೆಯೂ ಸಾಧ್ಯ, ಉಳಿದವರಿಗೆ ಶಸ್ತ್ರಚಿಕಿತ್ಸೆ. ಯಾವುದು ಸೂಕ್ತವೆಂಬುದನ್ನು ವೈದ್ಯರೇ ನಿರ್ಧರಿಸಬೇಕು. ನೋವು ಬಲಕ್ಕೆ ಸರಿದು, ಹಸಿವಿಲ್ಲದೆ ವಾಂತಿ, ಜ್ವರ ಜೊತೆಗೂಡಿದರೆ ಭೇದಿಯ ಔಷಧ ಸೇವಿಸದೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ತೆರಳುವುದೇ ಜಾಣತನ.